ಹರಿದದ್ದು ಒಳಕ್ಕೆ

ನನ್ನ ಎಡಗೈ ಬಳೆಗೆ ಯಾವಾಗಲೂ ನಾಲ್ಕೈದು ಪಿನ್ನು ಸಿಕ್ಕಿಸಿಕೊಂಡಿರುತ್ತಿದ್ದೆ. ಹೊಲಿಗೆಯವಳ ಒಡವೆ ಅದು. ತಾಳವಾಡಿ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ನನ್ನ ಅಂಗಡಿ. ಅಂಗಡಿ ಅಂದರೆ ಒಂದು ಮಿಷನ್ನು, ಒಂದು ಸ್ಟೂಲು, ನೇತುಹಾಕಿದ ರವಿಕೆಗಳು, ಅಷ್ಟೇ. ಬಸ್ಸಿಗೆ ಕಾಯುವ ಹೆಂಗಸರಲ್ಲಿ ಯಾರದಾದರೂ ಕೊಕ್ಕೆ ಕಿತ್ತರೆ, ಸೆರಗು ಜಾರಿದರೆ, ಮಗುವಿನ ಲಂಗದ ಲಾಡಿ ತುಂಡಾದರೆ ಓಡಿ ಬರುವುದು ನನ್ನ ಬಳೆಯ ಹತ್ತಿರಕ್ಕೆ. ಹಾಗೆ ಕೊಟ್ಟ ಪಿನ್ನು ಒಂದೂ ವಾಪಸ್ಸು ಬಂದದ್ದಿಲ್ಲ. ಸತ್ಯಮಂಗಲದ ತನಕ, ಚಾಮರಾಜನಗರದ ತನಕ ನನ್ನ ಪಿನ್ನುಗಳು ಯಾರ್‍ಯಾರ ಮಾನವನ್ನೋ ಹಿಡಿದುಕೊಂಡು ಓಡಾಡುತ್ತಿವೆ ಎಂದು ನನಗೊಂದು ಜಂಬವೂ ಇತ್ತು.

ಈಗ ಬಳೆಗೆ ಪಿನ್ನು ಸಿಕ್ಕಿಸುವುದನ್ನು ಬಿಟ್ಟಿದ್ದೇನೆ. ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದಿಟ್ಟಿದ್ದೇನೆ. ಯಾಕೆ ಅಂತ ಕೇಳಿದವರಿಗೆ ಚುಚ್ಚುತ್ತೆ ಅನ್ನುತ್ತೇನೆ. ಸುಳ್ಳೇನಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಪುಕ್ಕಲು. ಬಸ್ಸು ಹೊತ್ತಿಗೆ ಬರದಿದ್ದರೆ ದಿಂಬದ ಘಾಟಿಯ ತಿರುವಿನಲ್ಲಿ ಏನಾಯಿತೋ ಎಂದು ಒಂದು ಆತಂಕ. ಹೊತ್ತಿಗೆ ಸರಿಯಾಗಿ ಬಂದುಬಿಟ್ಟರೆ ಇವತ್ತು ಹೇಗೆ ಬಂತು ಎಂದು ಇನ್ನೊಂದು ಆತಂಕ. ಟಿವಿ ಮುಂದೆ ಕೂತರೂ ನೆಮ್ಮದಿಯಿಲ್ಲ. ಉಳಿದವರು ಕಥೆ ನೋಡುತ್ತಾರೆ, ನಾನು ಹೊಲಿಗೆ ನೋಡುತ್ತೇನೆ. ಬಡವರು ಅಂತ ಯಾರನ್ನಾದರೂ ತೋರಿಸಿದ ಕೂಡಲೇ ನನ್ನ ಕಣ್ಣು ತೇಪೆಗೆ ಹೋಗುತ್ತದೆ. ನೀವೂ ನೋಡಿರುತ್ತೀರಿ: ನೀಲಿ ಅಂಗಿಗೆ ಕೆಂಪು ತೇಪೆ, ಅದೂ ಎದೆಯ ಮೇಲೆ, ಅಳೆದಿಟ್ಟ ಹಾಗೆ ಚೌಕ, ಸುತ್ತಲೂ ಗೋಣಿಚೀಲಕ್ಕೆ ಹಾಕುವಂಥ ಹೊಲಿಗೆ. ಯಾರ ಅಂಗಿ ಸ್ವಾಮಿ ಎದೆಯ ಮೇಲೆ ಹರಿಯುವುದು? ಕೂಲಿಯವರ ಬಟ್ಟೆ ಹೆಗಲಲ್ಲಿ ಸವೆಯುತ್ತದೆ, ಕಂಕುಳಲ್ಲಿ ಬಿಡುತ್ತದೆ, ಕೂರುವ ಜಾಗದಲ್ಲಿ ತೆಳ್ಳಗಾಗುತ್ತದೆ. ಅದಕ್ಕೆ ಒಳಗಿನಿಂದ ಅದೇ ಬಣ್ಣದ ಚೂರು ಕೊಟ್ಟು, ಅದೇ ಬಟ್ಟೆಯ ಅಂಚಿನಿಂದ ಎಳೆ ಎಳೆದುಕೊಂಡು ಹೊಲಿಯಬೇಕು. ನಮ್ಮ ಬೀದಿಯಲ್ಲಿ ಎದ್ದು ಕಾಣುವ ಹಾಗೆ ತೇಪೆ ಹಾಕಿದವಳನ್ನು ಕೈ ತಿರುಗದವಳು ಎಂದು ವಾರಗಟ್ಟಲೆ ಆಡಿಕೊಳ್ಳುತ್ತಿದ್ದರು.

ನಮ್ಮಂಥವರ ಪಾತ್ರ ಬಂದರೆ ಸಾಕು, ಬೆಳ್ಳನೆಯ ಹುಡುಗಿಯ ಮುಖಕ್ಕೆ ಮಸಿ ಬಳಿದು, ಎಣ್ಣೆ ಕಾಣದ ತಲೆಯನ್ನು ಕೆದರಿ ನಿಲ್ಲಿಸುತ್ತಾರೆ. ನಮ್ಮ ಬೀದಿಯಲ್ಲಿ ಉಣ್ಣಲು ಇಲ್ಲದ ದಿನಗಳಿದ್ದವು, ತಲೆ ಬಾಚದೆ ಬೀದಿಗಿಳಿದ ದಿನ ನನಗೆ ನೆನಪಿಲ್ಲ. ತಾಳವಾಡಿ ಬೆಟ್ಟ ತಮಿಳುನಾಡಿನದು, ನಮ್ಮ ಮಾತು ಕನ್ನಡ. ತಮಿಳು ಸೀರಿಯಲ್ಲಿನಲ್ಲಿ ನಾವು ಕನ್ನಡದಲ್ಲಿ ನಾಲ್ಕು ಮಾತಾಡಿ ಬೆಂಕಿಯ ಸುತ್ತ ಕುಣಿಯುವ ಬೆಟ್ಟದ ಜನ. ಕನ್ನಡ ಸೀರಿಯಲ್ಲಿನಲ್ಲಿ ನಮ್ಮ ಮಾತು ಪೆಟ್ಟಿಗೆ ಹೊರುವವನ ಬಾಯಿಗೆ, ಅವನು ಕಾಲು ಜಾರಿ ಬೀಳುವುದು ನಗುವಿಗೆ. ಆ ಕಡೆಯ ಟಿವಿಗೂ ಸಲ್ಲಲಿಲ್ಲ, ಈ ಕಡೆಯ ಟಿವಿಗೂ ಸಲ್ಲಲಿಲ್ಲ. ನಾನು ಇದನ್ನೆಲ್ಲ ಹೇಳಿಕೊಂಡು ಗೊಣಗಿದರೆ ಅವ್ವ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು: “ಅವ್ರ ಟೇಲರು ಸರಿಯಿಲ್ಲ, ಬುಡು.”

ಅವ್ವ ನನ್ನ ಜೊತೆಯಲ್ಲೇ ಇದ್ದಾಳೆ. ನಾನು ಒಬ್ಬಳೇ ಮಗಳು. ನಾನು, ಕಾಲೇಜಿಗೆ ಹೋಗುವ ನನ್ನ ಮಗಳು, ಅವ್ವ, ಮೂವರೂ ದೊಡ್ಡಗಾಜನೂರಿನ ಕೆಳಗಿನ ಬೀದಿಯ ಕಾಲೊನಿ ಮನೆಯಲ್ಲಿದ್ದೇವೆ. ಹೋದ ವರ್ಷದವರೆಗೂ ಅವ್ವ ಕೋಸಿನ ಹೊಲಕ್ಕೆ ಕಳೆಗೆ ಹೋಗುತ್ತಿದ್ದಳು. ಈಗ ಮಂಡಿ ಬಿಡುವುದಿಲ್ಲ.

ನಾಲ್ಕನೆಯವರು ನಮ್ಮಪ್ಪ, ಗೋಡೆಯ ಮೇಲಿದ್ದಾರೆ. ನಮ್ಮ ಕಡೆ ಫೋಟೋ ಅಂದರೆ ಗೋಡೆ. ಬದುಕಿದ್ದಾಗ ಎಷ್ಟು ಫೋಟೋ ತೆಗೆಸಿಕೊಂಡರೇನು, ಹೋದ ಮೇಲೆ ಗೋಡೆಗೆ ಏರುವುದು ಒಂದೇ. ಅಪ್ಪನದು ಇದ್ದದ್ದೇ ಒಂದು, ಯಾವುದೋ ಕಾರ್ಡಿಗೆಂದು ತೆಗೆದದ್ದು. ಕಣ್ಣು ಅರ್ಧ ಮುಚ್ಚಿಹೋಗಿದೆ. ಸ್ಟುಡಿಯೋದವನು ಅದನ್ನೇ ದೊಡ್ಡದು ಮಾಡಿ, ಹಿಂದೆ ಯಾವುದೋ ದೇಶದ ಜಲಪಾತ ಹಾಕಿ, ಅಪ್ಪನಿಗೊಂದು ಕೋಟು ತೊಡಿಸಿ ಕೊಟ್ಟ. ಜೀವಮಾನದಲ್ಲಿ ಕೋಟು ಮುಟ್ಟದ ಮನುಷ್ಯ ಜಲಪಾತದ ಮುಂದೆ ಕೋಟು ಹಾಕಿಕೊಂಡು ನಿದ್ದೆಗಣ್ಣಿನಲ್ಲಿ ನಿಂತಿದ್ದಾರೆ. ಶುಕ್ರವಾರ ಶುಕ್ರವಾರ ಫೋಟೋ ಒರೆಸುವಾಗ ಅವ್ವ ಅವರನ್ನು ಬೈಯದೆ ಬಿಡುವುದಿಲ್ಲ. “ಒಂದ್ ಗಳ್ಗ ಕಣ್ ಬುಟ್ಕಂಡು ನಿಂತಿದ್ರ ನಿಂಗೇನ್ ಗಂಟೋಯ್ತಿತ್ತು?” ಎಂದು ಕೇಳಿ, ಆಮೇಲೆ ನನ್ನ ಕಡೆ ತಿರುಗುತ್ತಾಳೆ. “ನಂದ ಇಂಗ ಮಾಡ್ಬುಟ್ಟೀಯ, ನೋಡು. ನಾನು ನೆಟ್ಗ ನಿಂತ್ಕತೀನಿ, ನೀನು ನೆಟ್ಗ ತಗ್ಸು.”

ಅಪ್ಪನ ಪಕ್ಕದಲ್ಲಿ ತನಗೆಂದು ಒಂದು ಮೊಳೆಯನ್ನೂ ಹೊಡೆಸಿಟ್ಟಿದ್ದಾಳೆ. ಮೊಳೆ ಹೊಡೆದು ಎಷ್ಟೋ ವರ್ಷವಾಯಿತು, ಫೋಟೋ ಮಾತ್ರ ನಾನು ತೆಗೆಸಲಿಲ್ಲ. ಫೋನು ಕೈಯಲ್ಲೇ ಇದೆ, ಒಂದು ಕ್ಷಣದ ಕೆಲಸ. ಆದರೆ ಆ ಮೊಳೆಗೆಂದು ಫೋಟೋ ತೆಗೆದರೆ ಏನನ್ನೋ ಕರೆದ ಹಾಗೆ ಎಂದು ನನಗೊಂದು ಅಂಜಿಕೆ. ಬೆಳಕು ಸರಿಯಿಲ್ಲ, ಹಬ್ಬಕ್ಕೆ ತೆಗೆಯೋಣ, ಹೊಸ ಸೀರೆ ಬರಲಿ ಎಂದು ಸಬೂಬು ಹೇಳಿಕೊಂಡು ಬಂದೆ.

ಸೀರೆ ಅಂದೆನಲ್ಲ. ನಾನು ಚಿಕ್ಕವಳಿದ್ದಾಗ ಅವ್ವನಿಗೆ ಎರಡೇ ಸೀರೆ. ಒಂದು ಹೊಲಕ್ಕೆ, ಒಂದು ತಾಳವಾಡಿಗೆ. ಹೊಲದ್ದು ಪೂರಾ ಚಿಂದಿಯಾದಾಗ ತಾಳವಾಡಿಯದು ಹೊಲಕ್ಕೆ ಇಳಿಯುತ್ತಿತ್ತು. ತಾಳವಾಡಿಯದೂ ಹರಿದೇ ಇರುತ್ತಿತ್ತು, ನೋಡಿದವರಿಗೆ ಮಾತ್ರ ಗೊತ್ತಾಗುತ್ತಿರಲಿಲ್ಲ. ಬೆಳಗ್ಗೆ ಗೋಡೆಗೆ ಮುಖ ಮಾಡಿ ನಿಂತು, ಕಣ್ಣು ಮುಚ್ಚಿಕೊಂಡೇ ಬಟ್ಟೆಯ ಮೇಲೆ ಕೈಯಾಡಿಸಿ ಹರುಕನ್ನು ಹುಡುಕಿ, ಅದನ್ನು ಮೊದಲ ಸುತ್ತಿನೊಳಗೆ ಹಾಕಿಬಿಡುತ್ತಿದ್ದಳು. ಹರುಕು ಜಾಸ್ತಿಯಾದ ವರ್ಷ ನೆರಿಗೆಯ ಲೆಕ್ಕ ಬದಲಾಗುತ್ತಿತ್ತು. ನನಗೆ ಸೀರೆ ಉಡಲು ಕಲಿಸಿದ ದಿನ ಹೇಳಿದಳು: “ಸೀರ ಉಡೋದು ಅಂದ್ರ ಏನಂದ್ಕಂಡೀಯ? ಅರ್ದಿರೋದ ಒಳಕ್ಕ ಕಳ್ಸದು, ಗಟ್ಟಿ ಇರೋದ ಮುಂದಕ್ಕ ತರದು. ಅಷ್ಟೇಯ.” ನನ್ನ ಹೊಲಿಗೆಯ ಮೊದಲ ಪಾಠ ಅದೇ. ಸರ್ಟಿಫಿಕೇಟು ಆಮೇಲೆ ಬಂತು.

ಹೋದ ವರ್ಷ ನಮ್ಮೂರಿಗೆ ಶೂಟಿಂಗಿನವರು ಬಂದರು. ಬೆಟ್ಟದ ಕೂಲಿಯವರ ಬದುಕಿನ ಮೇಲೆ ಒಂದು ಸೀರೀಸ್ ಅಂತೆ, ಫೋನಿನಲ್ಲೂ ಟಿವಿಯಲ್ಲೂ ನೋಡುವಂಥದ್ದು. ಡೈರೆಕ್ಟರು ಸಣ್ಣ ವಯಸ್ಸಿನವರು, ತಮಿಳಿನವರು. ಬಹಳ ಮೆದು ಮಾತು. ನಮ್ಮ ಮನೆಗೆ ಬಂದು ಚಪ್ಪಲಿ ಬಿಟ್ಟು ಒಳಗೆ ಕೂತು, ಕೊಟ್ಟ ಲೋಟದಲ್ಲಿ ಟೀ ಕುಡಿದರು. ಹೊಟ್ಟೆ ಸರಿಯಿಲ್ಲ, ಈಗ ತಾನೇ ಕುಡಿದು ಬಂದೆ ಎಂದು ನೆಪ ಹೇಳದೆ ನಮ್ಮ ಬೀದಿಯಲ್ಲಿ ಟೀ ಕುಡಿಯುವ ಹೊರಗಿನವರು ಕಮ್ಮಿ. ಪಕ್ಕದ ಮನೆಯ ಮಾದಮ್ಮ ಚಿಕ್ಕವ್ವ ಅದೊಂದಕ್ಕೇ ಕರಗಿಹೋದಳು.

“ಅಕ್ಕಾ, ಇಷ್ಟು ದಿನ ನಿಮ್ಮನ್ನು ಸುಳ್ಳುಸುಳ್ಳಾಗಿ ತೋರಿಸಿದ್ದಾರೆ. ನಾನು ಇದ್ದದ್ದನ್ನು ಇದ್ದ ಹಾಗೆ ತೋರಿಸ್ತೀನಿ,” ಅಂದರು ಡೈರೆಕ್ಟರು ತಮಿಳಿನಲ್ಲಿ.

ನಾನು ಕಾಯುತ್ತಿದ್ದವಳ ಹಾಗೆ ತೇಪೆಯ ವಿಚಾರ ಪೂರ್ತಿ ಹೇಳಿದೆ. ಅವರು ಪುಸ್ತಕ ತೆಗೆದು ಬರೆದುಕೊಂಡರು. ನನ್ನ ಮಾತನ್ನು ಒಬ್ಬರು ಬರೆದುಕೊಂಡದ್ದು ಅದೇ ಮೊದಲು. ನಾನು ಉಬ್ಬಿಹೋದೆ. ಆ ಉಬ್ಬಿನಲ್ಲೇ ಅವರು ಕೊಟ್ಟ ಕೆಲಸಕ್ಕೂ ಒಪ್ಪಿಕೊಂಡೆ. ಬೀದಿಯವರು ನಿಜವಾಗಿ ಉಟ್ಟು ತೊಟ್ಟ ಹಳೆಯ ಬಟ್ಟೆ ಅವರಿಗೆ ಬೇಕಿತ್ತು. ಒಂದಕ್ಕೆ ಒಂದು ಹೊಸದು ಕೊಡುತ್ತಾರೆ, ಕೆಲಸ ಮುಗಿದ ಮೇಲೆ ಹಳೆಯದನ್ನೂ ವಾಪಸ್ಸು ಕೊಡುತ್ತಾರೆ. ನಾನು ಒಟ್ಟುಮಾಡಿ ಕೊಡಬೇಕು.

ಮನೆ ಮನೆಗೆ ಹೋಗಿ ಹೇಳಿಬಂದೆ. ಎರಡು ದಿನ ನಮ್ಮ ಬೀದಿಯೆಲ್ಲ ಗಂಜಿಯ ವಾಸನೆ. ಎಲ್ಲರೂ ಇದ್ದಬದ್ದ ಹಳೆಯ ಬಟ್ಟೆಯನ್ನು ಒಗೆದು, ಗಂಜಿ ಹಾಕಿ, ಒಣಗಿಸಿ, ಇಸ್ತ್ರಿ ಮಾಡಿದರು. ಹರಿದದ್ದಿದ್ದರೆ ನನ್ನ ಹತ್ತಿರ ತಂದರು. “ಸಿನಿಮಾಕ್ಕ ಓಗ ಬಟ್ಟ ಕಣವ್ವ, ಮಾನವಾಗಿರ್ಲಿ,” ಎಂದು ಮಾದಮ್ಮ ಚಿಕ್ಕವ್ವ ತನ್ನ ಗಂಡನ ಅಂಗಿಗೆ ಗುಂಡಿ ಕೂಡ ಹಾಕಿಸಿಕೊಂಡು ಹೋದಳು. ನಾನು ಕಣ್ಣು ಬಿದ್ದುಹೋಗುವ ಹಾಗೆ ಕೂತು ಒಂದೊಂದನ್ನೂ ಹೊಲಿದೆ. ಎಳೆಗೆ ಎಳೆ ಸೇರಿಸಿ ಹೊಲಿದೆ. ಇಷ್ಟು ಜನರಲ್ಲಿ ಒಬ್ಬರಿಗೂ, ಬುದ್ಧಿವಂತೆ ಅನ್ನಿಸಿಕೊಂಡ ನನಗೂ, ಇವರು ಕೇಳಿದ್ದು ಇದನ್ನಲ್ಲ ಎಂದು ಹೊಳೆಯಲಿಲ್ಲ.

ಬಟ್ಟೆಯ ಉಸ್ತುವಾರಿ ನೋಡುವವನು ಗಂಟು ಬಿಚ್ಚಿದ. ಒಂದೊಂದೂ ಹಪ್ಪಳದ ಹಾಗೆ ನಿಂತಿತ್ತು. “ಅಕ್ಕಾ, ಹಳೆಯದು ಕೇಳಿದ್ದೆವು,” ಅಂದ.

“ಇವೇ ಹಳೆಯವು,” ಅಂದೆ.

ಅವನು ತಲೆ ಹಿಡಿದುಕೊಂಡು ಕೂತ, ಆಮೇಲೆ ಎದ್ದು ದೊಡ್ಡ ಹಂಡೆಯಲ್ಲಿ ಟೀ ಕಾಯಿಸಿದ. ನಾವು ಕುಡಿಯಲು ಎಂದುಕೊಂಡೆವು. ಅವನು ಎಲ್ಲ ಬಟ್ಟೆಯನ್ನೂ ಅದರಲ್ಲಿ ಅದ್ದಿದ. ಮಣ್ಣಿನ ಮೇಲೆ ಹರವಿ, ಇಟ್ಟಿಗೆ ಚೂರಿನಿಂದ ಉಜ್ಜಿದ. ನಾನು ಹಾಕಿದ ತೇಪೆಗಳನ್ನು ಬ್ಲೇಡಿನಿಂದ ಒಂದೊಂದಾಗಿ ಬಿಡಿಸಿದ. ಆ ಬಟ್ಟೆಗಳಲ್ಲಿ ಅವ್ವನ ಹಸಿರು ಸೀರೆಯೂ ಇತ್ತು. ನಮ್ಮ ಕಾಲೊನಿ ಮನೆಗಳಿಗೆ ಬಣ್ಣ ಜಾಸ್ತಿಯಾಯಿತೆಂದು ಪಕ್ಕದ ಬೀಳುಹೊಲದಲ್ಲಿ ಒಂದು ಗುಡಿಸಲು ಬೇರೆ ಕಟ್ಟಿದರು. ಅದನ್ನು ನೋಡಲು ನಾವೇ ಸಾಲುಸಾಲಾಗಿ ಹೋದೆವು.

ಆಗಲಾದರೂ ನನಗೆ ಬುದ್ಧಿ ಬರಬೇಕಿತ್ತು. ಆದರೆ ಡೈರೆಕ್ಟರು ಅವ್ವನನ್ನು ನೋಡಿ, “ಪಾಟಿಯ ಮುಖ, ಈ ಅಜ್ಜಿಯ ಮುಖ ಬೇಕು ಅಕ್ಕಾ,” ಅಂದಾಗ ನಾನೇ ಮನೆಗೆ ಓಡಿಬಂದು ಅವ್ವನನ್ನು ಒಪ್ಪಿಸಿದೆ. ಒಪ್ಪಿಸುವುದೇನು, ಅವಳು ಹಿಗ್ಗಿಹೋದಳು. “ಅಂತೂ ನನ್ ಪೋಟೋ ಬಂತು ಅನ್ನು,” ಅಂದಳು. ಮಾರನೆಯ ಬೆಳಗ್ಗೆ ತಲೆಗೆ ಎರೆದುಕೊಂಡು, ಎಣ್ಣೆ ಹಚ್ಚಿ ಬಾಚಿ, ಹಣೆಗೆ ವಿಭೂತಿ ಇಟ್ಟು ಶೂಟಿಂಗಿಗೆ ಹೊರಟಳು.

ದೃಶ್ಯ ಚಿಕ್ಕದು. ಒಂದು ಜೀಪು ಬರುತ್ತದೆ, ಗುಡಿಸಲಿನ ಮುಂದಿನ ಮುದುಕಿ ಕೈಮುಗಿದು ಬೇಡಿಕೊಳ್ಳುತ್ತಾಳೆ. ಮುಖಕ್ಕೆ ಬಣ್ಣ ಹಚ್ಚುವ ಹುಡುಗಿ ಅವ್ವನ ಎಣ್ಣೆ ಒರೆಸಿ, ಕೂದಲು ಬಿಚ್ಚಿ ಕೆದರಿ, ಇದ್ದ ಕಪ್ಪಿನ ಮೇಲೆ ಇನ್ನಷ್ಟು ಕಪ್ಪು ಬಳಿದಳು. ಆಮೇಲೆ ಟೀಯಲ್ಲಿ ಅದ್ದಿದ ಆ ಹಸಿರು ಸೀರೆ ಕೊಟ್ಟರು. ಗುಡಿಸಲಿನೊಳಗೆ ಹೋಗಿ ಉಟ್ಟುಕೊಂಡು ಬಂದಳು. ಹರಿದದ್ದು ಎಲ್ಲೂ ಇಲ್ಲ, ಕರೆಯೂ ಇಲ್ಲ.

“ಪಾಟಿ, ಹರಿದದ್ದು ಕಾಣಬೇಕು,” ಅಂದರು ಡೈರೆಕ್ಟರು.

“ಆಗ್ಲಿ ಸಾಮಿ,” ಎಂದು ಅವ್ವ ಒಳಗೆ ಹೋದಳು. ಬಂದಳು. ಕಾಣಲಿಲ್ಲ.

“ಪಾಟಿ, ಹೆಗಲ ಮೇಲೆ ಬರಲಿ.”

“ಆಗ್ಲಿ ಸಾಮಿ.” ಮತ್ತೆ ಹೋದಳು, ಮತ್ತೆ ಬಂದಳು. ಸೆರಗು ಮಡಿಕೆ ಮಡಿಕೆಯಾಗಿ ಹೆಗಲ ಮೇಲೆ ನೀಟಾಗಿ ಕೂತಿತ್ತು. ಹಟವಲ್ಲ ಅದು. ಅವಳು ನಿಜವಾಗಿ ಪ್ರಯತ್ನ ಮಾಡುತ್ತಿದ್ದಳು, ಕೈ ಕೇಳುತ್ತಿರಲಿಲ್ಲ. ಐವತ್ತು ವರ್ಷ ಒಂದೇ ಕೆಲಸ ಮಾಡಿದ ಕೈ. ಮೂರನೆಯ ಸಲಕ್ಕೆ ನಿಂತವರೆಲ್ಲ ನಗತೊಡಗಿದರು. ಡೈರೆಕ್ಟರು ಆಕಾಶ ನೋಡಿದರು. “ಅಕ್ಕಾ, ಬಿಸಿಲು ಹೋಗ್ತಾ ಇದೆ. ನೀವೇ ಉಡಿಸಿಬಿಡಿ,” ಅಂದರು.

ನಾನು ಏನು ಹೇಳಬೇಕಿತ್ತು ಎಂದು ಅಂದಿನಿಂದ ಇಂದಿನವರೆಗೆ ನೂರು ಉತ್ತರ ಯೋಚಿಸಿದ್ದೇನೆ. ಹೇಳಿದ್ದು ಮಾತ್ರ, “ಆಯ್ತು ಸಾರ್.”

ಅವ್ವನನ್ನು ಗುಡಿಸಲಿನೊಳಗೆ ಕರೆದುಕೊಂಡು ಹೋದೆ. ಸೀರೆ ಬಿಚ್ಚಿ, ಗಟ್ಟಿ ಇರುವುದನ್ನೆಲ್ಲ ಒಳಕ್ಕೆ ಕಳಿಸಿ, ಹರುಕನ್ನು ಎಡ ಹೆಗಲಿನ ಮುಂದಕ್ಕೆ ಎಳೆದೆ. ಅವ್ವನ ಕೈ ತಾನಾಗಿ ಮೇಲೆ ಬಂದು ಅದನ್ನು ಮುಚ್ಚಿತು. ಆ ಕೈಯನ್ನು ತೆಗೆದು ಕೆಳಗಿಟ್ಟೆ. ಮತ್ತೆ ಬಂತು. ಮತ್ತೆ ತೆಗೆದೆ. ಕೊನೆಗೆ ನನ್ನ ಬಳೆಯಿಂದ ಒಂದು ಪಿನ್ನು ತೆಗೆದು, ಹರುಕು ಜಾರಿ ಒಳಗೆ ಹೋಗದ ಹಾಗೆ ರವಿಕೆಗೆ ಸೇರಿಸಿ ಚುಚ್ಚಿಬಿಟ್ಟೆ.

ಅವ್ವ ಪಿನ್ನನ್ನು ನೋಡಿದಳು. ನನ್ನನ್ನು ನೋಡಲಿಲ್ಲ.

“ಚುಚ್ತಾ ಅವ್ವ?” ಅಂತ ಕೇಳಿದೆ.

“ಇಲ್ಲ ಕಣ್ಮಗ,” ಅಂದಳು.

ಒಂದೇ ಸಲಕ್ಕೆ ಓಕೆ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆಮೇಲೆ ಶುರುವಾಯಿತು ನನ್ನ ಆತಂಕ. ಶೂಟಿಂಗಿನವರು ಹಸಿರು ಸೀರೆ ವಾಪಸ್ಸು ಕೊಟ್ಟು, ಒಂದು ಹೊಸದನ್ನೂ ಕೊಟ್ಟು ಹೋದರು. ಸೀರೀಸು ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಬಂದರೆ ಎಂಬ ಭಯ ನನಗೆ, ಬರಲಿಲ್ಲವಲ್ಲ ಎಂಬ ಬೇಸರ ಅವ್ವನಿಗೆ. ಅವಳು ಬಸ್ ಸ್ಟ್ಯಾಂಡಿನಲ್ಲಿ ಕಂಡಕಂಡವರಿಗೆಲ್ಲ, “ನಾ ಬತ್ತೀನಿ ಟೀವೀಲಿ, ನೋಡು,” ಎಂದು ಹೇಳಿಕೊಂಡು ಬಂದಳು. ಯಾರ ಹೊಲದಲ್ಲಿ ಹರಿದದ್ದನ್ನು ಒಳಕ್ಕೆ ಹಾಕಿಕೊಂಡು ಬಗ್ಗಿ ಕಳೆ ಕಿತ್ತಳೋ ಆ ಮೇಲಿನ ಬೀದಿಯ ಅಯ್ನೋರ ಮನೆಯ ಹೆಂಗಸರಿಗೂ ಹೇಳಿದಳು. ಅವರೂ ಖಂಡಿತ ನೋಡುತ್ತೇವೆ ಅಂದರು. ನಾನು ಮಿಷನ್ನಿನ ಮುಂದೆ ಕೂತು ಎರಡು ರವಿಕೆಗೆ ಎಡ ತೋಳನ್ನೇ ಎರಡು ಕಡೆಗೂ ಹೊಲಿದೆ.

ಇನ್ನೂ ಒಂದು ಯೋಚನೆ ಬರುತ್ತಿತ್ತು, ಹೇಳಲು ನಾಲಿಗೆ ಬಾರದು. ಈ ನಡುವೆ ಅವ್ವನಿಗೇನಾದರೂ ಆಗಿಬಿಟ್ಟರೆ? ಗೋಡೆಯ ಮೊಳೆ ಖಾಲಿ. ಭೂಮಿಯ ಮೇಲೆ ಅವಳದೆಂದು ಉಳಿಯುವ ಚಿತ್ರ ನಾನು ಪಿನ್ನು ಚುಚ್ಚಿ ನಿಲ್ಲಿಸಿದ್ದು ಒಂದೇ. ಅವಳು ಸ್ವಲ್ಪ ಕೆಮ್ಮಿದರೂ ನಾನು ಎದ್ದು ಕೂರುತ್ತಿದ್ದೆ.

ಅಂತೂ ಬಂತು. ಒಂದು ಭಾನುವಾರ ಮಧ್ಯಾಹ್ನ ನನ್ನ ಮಗಳು ಫೋನನ್ನು ಟಿವಿಗೆ ಸೇರಿಸಿದಳು. ನಮ್ಮ ಮನೆಯಲ್ಲಿ ಹತ್ತು ಹನ್ನೆರಡು ಹೆಂಗಸರು. ಅವ್ವ ಇಸ್ತ್ರಿಯ ಸೀರೆ ಉಟ್ಟುಕೊಂಡು, ತಲೆ ಬಾಚಿಕೊಂಡು, ಮುಂದಿನ ಚಾಪೆಯ ಮೇಲೆ ಕೂತಳು. ಎರಡನೆಯ ಭಾಗದಲ್ಲಿ ಜೀಪು ಬಂತು.

ಮುದುಕಿ ಕಾಣಿಸಿದಳು. ಕೆದರಿದ ಕೂದಲು, ಮಣ್ಣು ಮೆತ್ತಿದ ಮುಖ. ಬಾಯಿಂದ ಬಂದದ್ದು ಬೇರೆ ಯಾರದೋ ದನಿ, ತಮಿಳಿನಲ್ಲಿ ಅಳುತ್ತಿತ್ತು. ಕ್ಯಾಮೆರಾ ನಿಧಾನವಾಗಿ ಆ ಹರುಕಿನ ಹತ್ತಿರಕ್ಕೆ ಹೋಯಿತು, ಅಂಗೈಯಗಲದ ಹರುಕಿನೊಳಗಿಂದ ಹೆಗಲ ಮೂಳೆ ಕಾಣುವ ಹಾಗೆ ಅಲ್ಲೇ ನಿಂತಿತು. ಹಿಂದೆ ಕೊಳಲು. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿ ತೆಗೆದಿದ್ದರು. ಮಾದಮ್ಮ ಚಿಕ್ಕವ್ವ ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿಬಿಟ್ಟಳು. ನಾನು ಟಿವಿ ನೋಡಲಿಲ್ಲ, ಅವ್ವನ ಮುಖ ನೋಡಿದೆ.

ಅವಳು ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ ದಿಟ್ಟಿಸುತ್ತಿದ್ದಳು. ಆಮೇಲೆ ಹೇಳಿದಳು: “ಅಯ್ಯೋ ಪಾಪ. ಯಾರವ್ವ ಅದು? ಆ ಮುದ್ಕಿಗ ಎಣ್ಮಕ್ಕ ಇಲ್ವೇನೋ. ಸೀರ ನೆಟ್ಗ ಉಡ್ಸಕ ಒಂದ್ ಜೀವ ಇಲ್ಲ.”

ಮೊದಲು ಬಾಯಿ ಬಂದದ್ದು ಚಿಕ್ಕವ್ವನಿಗೆ. “ಯಾರೋ ಕಣಕ್ಕ, ಆಚ ಊರೋಳು,” ಅಂದಳು. ಆಮೇಲೆ ಉಳಿದವರೂ ಸೇರಿಕೊಂಡರು. ನಿಂದು ಬರನಿಲ್ಲ ಕಣಕ್ಕ, ಕಟ್ ಮಾಡ್ಬುಟ್ಟವ್ರ, ಸಿನಿಮಾದೋರ ಅಣೆಬರಾನೇ ಅಷ್ಟು ಎಂದು ಒಬ್ಬೊಬ್ಬರೂ ಒಂದೊಂದು ಹೇಳಿದರು. ನಮ್ಮ ಬೀದಿ ಅಷ್ಟು ಒಗ್ಗಟ್ಟಾಗಿ ಸುಳ್ಳು ಹೇಳಿದ್ದನ್ನು ನಾನು ನೋಡಿರಲಿಲ್ಲ. ನನ್ನ ಮಗಳು ಫೋನಿನ ವಯರು ಕಿತ್ತಳು.

“ಅಂಗಾ,” ಅಂದಳು ಅವ್ವ. ಎದ್ದು ಒಲೆಯ ಹತ್ತಿರ ಹೋಗಿ ಎಲ್ಲರಿಗೂ ಟೀಗೆ ಇಟ್ಟಳು.

ಅವಳಿಗೆ ಗುರುತು ಸಿಗಲಿಲ್ಲ ಎಂದು ನಾನು ನಂಬಿದೆ. ಅಷ್ಟು ಮಸಿಯಲ್ಲಿ, ಬೇರೆಯವರ ದನಿಯಲ್ಲಿ, ಪೊರೆ ಬಂದ ಕಣ್ಣಿಗೆ ಹೇಗೆ ಸಿಕ್ಕೀತು? ಹಾಗೆಂದು ಹಗಲೆಲ್ಲ ಹೇಳಿಕೊಂಡೆ. ಡೈರೆಕ್ಟರು ಫೋನು ಮಾಡಿ, “ಅಕ್ಕಾ, ಪಾಟಿಯ ದೃಶ್ಯ ನೋಡಿ ಜನ ಅಳ್ತಿದ್ದಾರೆ. ಎಷ್ಟು ನಿಜವಾಗಿದೆ ಅಂತಾರೆ,” ಅಂದರು. ಅವರ ದನಿಯಲ್ಲಿ ನಿಜವಾದ ಸಂತೋಷವಿತ್ತು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಅವರು ಕೇಳಿದ್ದರು, ಚುಚ್ಚಿದ್ದು ನಾನು. “ಸಂತೋಷ ಸಾರ್,” ಅಂದೆ. ಅವತ್ತೇ ಬಳೆಯ ಪಿನ್ನುಗಳನ್ನೆಲ್ಲ ಡಬ್ಬಿಗೆ ಹಾಕಿದ್ದು.

ಮೊನ್ನೆ ಶುಕ್ರವಾರ ಅಪ್ಪನ ಫೋಟೋ ಒರೆಸಿ, ಬೈಯುವುದನ್ನು ಬೈದು ಮುಗಿಸಿ, ಅವ್ವ ಟ್ರಂಕಿನಿಂದ ಆ ಹಸಿರು ಸೀರೆ ತೆಗೆದಳು. ಯಾವಾಗಲೋ ನನಗೆ ಗೊತ್ತಿಲ್ಲದೆ ಹರುಕನ್ನು ತಾನೇ ಹೊಲಿದಿದ್ದಳು. ಟೀ ಕರೆ ಮಾತ್ರ ಸೀಗೆಕಾಯಿಗೂ ಹೋಗಿರಲಿಲ್ಲ.

“ಸಿನಿಮಾದೋರು ನನ್ನ ತೋರಿಸ್ನಿಲ್ಲ. ನೀನಾದ್ರೂ ತಗಿ. ಗೋಡಗ ಆಯ್ತದ,” ಅಂದಳು.

“ಈಗ್ಯಾಕವ್ವ?” ಅಂದೆ.

“ಇನ್ಯಾವಾಗ? ಕಣ್ ಮುಚ್ದ ಮೇಲ ತಗ್ದೀಯ, ನಿಮ್ಮಪ್ಪಂದ್ ತಗ್ದಂಗ?”

ಶೂಟಿಂಗಿನವರು ಕೊಟ್ಟ ಹೊಸ ಸೀರೆ ಉಟ್ಟುಕೋ ಅಂದೆ. ಕೇಳಲಿಲ್ಲ. “ಇದೇ ಆಗ್ಬೇಕು. ನೀನೇ ಉಡ್ಸು,” ಎಂದು ಬಾಗಿಲಿನ ಬೆಳಕಿಗೆ ನೆಟ್ಟಗೆ ನಿಂತುಬಿಟ್ಟಳು.

ಉಡಿಸಿದೆ. ಹರಿದು ಹೊಲಿದದ್ದನ್ನು ಮೊದಲ ಸುತ್ತಿಗೆ ಹಾಕಿದೆ, ಕರೆಯನ್ನು ನೆರಿಗೆಯೊಳಗೆ ಮಡಿಸಿದೆ, ಗಟ್ಟಿ ಇರುವುದನ್ನು ಮುಂದಕ್ಕೆ ತಂದೆ. ಸೆರಗು ಹೆಗಲ ಮೇಲೆ ನಿಲ್ಲಲಿಲ್ಲ, ಸವೆದ ಬಟ್ಟೆ ಜಾರುತ್ತಲೇ ಇತ್ತು. ಅಭ್ಯಾಸ ನೋಡಿ, ಬಲಗೈ ಎಡಗೈ ಬಳೆಯನ್ನು ತಡಕಾಡಿತು. ಅಲ್ಲಿ ಏನೂ ಇರಲಿಲ್ಲ, ಇಲ್ಲವೆಂದು ನನಗೆ ಗೊತ್ತೂ ಇತ್ತು.

ಅವ್ವ ಆ ಕೈಯನ್ನು ಹಿಡಿದುಕೊಂಡಳು. ತೆಗೆದು, ಮೆಲ್ಲಗೆ ಕೆಳಗಿಟ್ಟಳು.

“ಈ ಸಲ ಪಿನ್ನು ಬ್ಯಾಡ ಕಣ್ಮಗ,” ಅಂದಳು.